ಒತ್ತಿಕೊಡುವ ಕೈ, ಕಲಿಸಿಕೊಡುವ ಕೈ



ಕೆಲವು ವರ್ಷಗಳ ಹಿಂದೆ ನಾನು ಪಾಂಡವಪುರದ ಕಡೆಯ ಒಂದು ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿದ್ದಾಗ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ಒಬ್ಬ ಅಜ್ಜಿ ದೇವಾಲಯದ ಜಗಲಿಯಲ್ಲಿ ನನಗಾಗಿ ಕಾಯುತ್ತಿದ್ದರು. ಎಲೆಯಡಿಕೆಯ ಚೀಲದೊಳಗಿಂದ ಗುಂಡಿಗಳಿರುವ ಸಣ್ಣ ಫೋನನ್ನು ತೆಗೆದು ನನ್ನ ಕೈಗಿತ್ತು, "ಸ್ವಾಮಿ, ವಸಿ ನೋಡಿ, ದುಡ್ಡು ಬಂದದಾ?" ಎಂದು ಕೇಳುತ್ತಿದ್ದರು. ನಾನು ಕನ್ನಡಕ ಏರಿಸಿ, ಸಂದೇಶವನ್ನು ತೆರೆದು, "ಬಂದಿದೆ ಅಜ್ಜಿ, ಎರಡು ಸಾವಿರ" ಎನ್ನುತ್ತಿದ್ದೆ. ಪಡಿತರ ಚೀಟಿಯ ತಿದ್ದುಪಡಿಗೋ ಪಿಂಚಣಿಯ ಅರ್ಜಿಗೋ ಅವರ ಫೋನಿಗೆ ಒಟಿಪಿ ಬಂದರೆ ಅದನ್ನೂ ನಾನೇ ಓದಿ, ನಾನೇ ಒತ್ತಿ, ಕೆಲಸ ಮುಗಿಸಿಕೊಡುತ್ತಿದ್ದೆ. ಹೀಗೆಯೇ ಎಷ್ಟೋ ತಿಂಗಳುಗಳು ನಡೆದವು. ಒಮ್ಮೆ ಅವರು, "ನೀವಿಲ್ದಿದ್ರೆ ನಾನೇನ್ ಮಾಡ್ಲಿ ಸ್ವಾಮಿ" ಎಂದರು. ನನಗೆ ಸಂತೋಷವಾಯಿತು. ಗುರುವಾದವನ ಕಿವಿಗೆ ಇಂತಹ ಮಾತು ಸಿಹಿಯಾಗಿಯೇ ಕೇಳಿಸುತ್ತದೆ. ಅದು ಹೊಗಳಿಕೆಯಲ್ಲ, ನನ್ನ ಮೇಲಿನ ದೂರು ಎಂಬುದನ್ನು ಅರಿಯಲು ನನಗೆ ಬಹಳ ಕಾಲ ಹಿಡಿಯಿತು.

ಈ ಪ್ರಸಂಗದಿಂದ ಹುಟ್ಟಿದ ಪ್ರಶ್ನೆಯೊಂದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ. ತನಗೆ ತಿಳಿಯದ ಯಂತ್ರದ ಮುಂದೆ ನಿಂತ ಮನುಷ್ಯನಿಗೆ ನಾವು ಆ ಕೆಲಸವನ್ನು ಮಾಡಿಕೊಟ್ಟರೆ ಅದು ಪ್ರೀತಿಯೇ? ಅಥವಾ ಪ್ರೀತಿಯ ಹೆಸರಿನಲ್ಲಿ ಅವನದ್ದೇ ಆದ ಏನನ್ನೋ ನಾವು ಕಸಿದುಕೊಳ್ಳುತ್ತಿದ್ದೇವೆಯೇ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಫೋನಿನ ಗುಪ್ತಸಂಖ್ಯೆಯನ್ನು ಮಗನಿಗೋ ಮೊಮ್ಮಗನಿಗೋ ಒಪ್ಪಿಸಿ ಕುಳಿತಿರುವ ತಾಯಂದಿರು ನಮ್ಮ ಪ್ರತಿಯೊಂದು ಬೀದಿಯಲ್ಲಿಯೂ ಇದ್ದಾರೆ.

ಹೆಬ್ಬೆಟ್ಟಿನ ಕಥೆ

ನಮ್ಮ ನುಡಿಯಲ್ಲಿ 'ಹೆಬ್ಬೆಟ್ಟು' ಎಂಬುದು ಕೇವಲ ಬೆರಳಿನ ಹೆಸರಲ್ಲ. ಓದುಬರಹ ಬಾರದವನನ್ನು ಹೀಗಳೆಯಲು ಆ ಪದವನ್ನು ಬಳಸಿದ್ದೇವೆ. ಸಾಲದ ಪತ್ರದ ಮೇಲೆ, ಜಮೀನಿನ ಕ್ರಯಪತ್ರದ ಮೇಲೆ ಹೆಬ್ಬೆಟ್ಟು ಒತ್ತಿದವನಿಗೆ ತಾನು ಯಾವುದಕ್ಕೆ ಒಪ್ಪಿಗೆ ಕೊಟ್ಟೆನೆಂಬುದು ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ. ಆ ಅವಮಾನವನ್ನು ಕಳೆಯಲೆಂದೇ ಈ ನಾಡಿನಲ್ಲಿ ವಯಸ್ಕರ ಶಿಕ್ಷಣ ಆರಂಭವಾಯಿತು. 1940ರ ದಶಕದಲ್ಲಿ ಹುಟ್ಟಿದ ಮೈಸೂರು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯು ಹೊಸದಾಗಿ ಅಕ್ಷರ ಕಲಿತವರಿಗಾಗಿ 'ಬೆಳಕು' ಎಂಬ ಪತ್ರಿಕೆಯನ್ನು ಹೊರತಂದಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾದ ಮೇಲೆ ಊರೂರಿನಲ್ಲಿ ರಾತ್ರಿ ಲಾಟೀನು ಹಚ್ಚಿ ಪಾಠ ಹೇಳಿದ ತರುಣ ತರುಣಿಯರನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಅಲ್ಲಿ ಕಲಿತವರ ಮೊದಲ ಹೆಮ್ಮೆಯೆಂದರೆ ತಮ್ಮ ರುಜು. ವಕ್ರವಾದರೂ ಅದು ಅವರದ್ದೇ ಆಗಿತ್ತು.

ಆದರೂ 2011ರ ಜನಗಣತಿಯ ಪ್ರಕಾರ ಮಂಡ್ಯ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 70 ಮಾತ್ರ. ಮಹಿಳೆಯರಲ್ಲಿ ಅದಕ್ಕಿಂತಲೂ ಕಡಿಮೆ. ರಾಜ್ಯದ ಸರಾಸರಿಯಾದ 75ಕ್ಕಿಂತ ಇದು ಹಿಂದೆ. ಕಾವೇರಿಯ ನಾಲೆಗಳು ಹರಿಯುವ ಶ್ರೀರಂಗಪಟ್ಟಣವಿರಲಿ, ಮಳೆಯನ್ನೇ ನೆಚ್ಚಿ ಬದುಕುವ ನಾಗಮಂಗಲದ ಹಳ್ಳಿಗಳಿರಲಿ, ಅಂದು ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು ಇಂದು ನಮ್ಮ ದೇವಾಲಯಗಳ ಬೆಂಚುಗಳಲ್ಲಿ ಕುಳಿತಿರುವ ಅಜ್ಜಿಯರು.

ಈಗ ಒಂದು ವಿಚಿತ್ರವನ್ನು ನೋಡಿ. ನಾಚಿಕೆಯ ಗುರುತಾಗಿದ್ದ ಹೆಬ್ಬೆಟ್ಟು ಆಧಾರ್ ಯಂತ್ರದ ಗಾಜಿನ ಮೇಲೆ ಮತ್ತೆ ಬಂದು ಕುಳಿತಿದೆ. ಪದವೀಧರನೂ ಒತ್ತುತ್ತಾನೆ, ಕೂಲಿಯವಳೂ ಒತ್ತುತ್ತಾಳೆ. ಆದರೆ ಕಬ್ಬು ಕಡಿದು, ಕಳೆ ಕಿತ್ತು, ಸೌದೆ ಒಡೆದು ಬೆರಳಿನ ಗೆರೆಗಳು ಸವೆದುಹೋದ ಕೈಯನ್ನು ಯಂತ್ರ ಗುರುತಿಸದೆ ಹೋಗುವುದುಂಟು. ಬದುಕಿನಲ್ಲಿ ಹೆಚ್ಚು ದುಡಿದ ಕೈಯನ್ನೇ ಯಂತ್ರ ಅಪರಿಚಿತವೆಂದು ತಿರುಗಿಸಿ ಕಳುಹಿಸಿದಾಗ ಆ ತಾಯಿಯ ಮನಸ್ಸಿಗೆ ಏನಾಗುತ್ತದೆಂದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತು ನೋಡಿದವರಿಗೆ ಗೊತ್ತು.

ಊರಿಗೆ ಬರಲು ಒಂದು ಅರ್ಜಿ

2020ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ ತಾಲೂಕುಗಳಿಂದ ಮುಂಬಯಿಗೆ ಹೋಗಿ ದುಡಿಯುತ್ತಿದ್ದ ಅನೇಕ ಕುಟುಂಬಗಳು ಕೊರೋನಾ ಕಾಲದಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಲು ಹೊರಟವು. ಹೊರರಾಜ್ಯದಿಂದ ಬರುವವರು 'ಸೇವಾ ಸಿಂಧು' ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಾಗಿತ್ತು. ರೋಗ ಹರಡದಂತೆ ತಡೆಯಲು ಆ ವ್ಯವಸ್ಥೆ ಅಗತ್ಯವಾಗಿತ್ತು ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಹುಟ್ಟಿದ ಊರಿಗೆ ಹಿಂದಿರುಗಲು ಒಂದು ಪರದೆಯ ಮೇಲಿನ ಅರ್ಜಿಯನ್ನು ತುಂಬಬೇಕಾದಾಗ, ತುಂಬಲು ಬಲ್ಲವನು ಮತ್ತು ಬಾರದವನು ಎಂಬ ಎರಡು ಜಾತಿಗಳು ಒಂದೇ ರಾತ್ರಿಯಲ್ಲಿ ಹುಟ್ಟಿಕೊಂಡವು. ಬಾರದವನು ಬಲ್ಲವನ ಬಾಗಿಲಿಗೆ ಹೋಗಿ ಬೇಡಬೇಕಾಯಿತು.

2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯನ್ನೂ ನೋಡಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಆಕೆಯ ಖಾತೆಗೇ ನೇರವಾಗಿ ಸೇರಬೇಕೆಂಬುದು ಅದರ ಉದ್ದೇಶ. ನಡುವಿನವರ ಕೈಗೆ ಸಿಗದೆ ಹೆಣ್ಣಿನ ಹೆಸರಿಗೇ ಹಣ ಬರುವುದು ದೊಡ್ಡ ಮಾತು. ಆದರೆ ಹಣ ಆಕೆಯ ಖಾತೆಯಲ್ಲಿದ್ದು, ಎಟಿಎಂ ಕಾರ್ಡು ಮಗನ ಜೇಬಿನಲ್ಲಿದ್ದು, ಗುಪ್ತಸಂಖ್ಯೆ ಸೊಸೆಯ ನೆನಪಿನಲ್ಲಿದ್ದರೆ ಆಕೆ ಯಾವ ಅರ್ಥದಲ್ಲಿ ಯಜಮಾನಿ? ಸರ್ಕಾರ ನಡುವಿನವನನ್ನು ಕಚೇರಿಯಿಂದ ಹೊರಹಾಕಿದರೆ, ಅವನು ನಮ್ಮ ಅಡುಗೆಮನೆಯಲ್ಲಿ ಬಂದು ಕುಳಿತಿದ್ದಾನೆ.

ಯಂತ್ರದ ಉಪಕಾರವನ್ನು ಮರೆಯಬಾರದು

ಹೀಗೆಂದ ಮಾತ್ರಕ್ಕೆ ಯಂತ್ರವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಪಹಣಿ ಪಡೆಯಲು ಗ್ರಾಮಲೆಕ್ಕಿಗರ ಹಿಂದೆ ವಾರಗಟ್ಟಲೆ ಅಲೆದು, ಕೈ ಬೆಚ್ಚಗೆ ಮಾಡಿ, ಆಮೇಲೂ ತಪ್ಪು ಬರೆದ ಕಾಗದವನ್ನು ಪಡೆದ ರೈತರ ನೆನಪು ನಮ್ಮ ಹಿರಿಯರಿಗಿದೆ. 1999ರಲ್ಲಿ ನಮ್ಮ ಜಿಲ್ಲೆಯ ಮದ್ದೂರು ತಾಲೂಕಿನಲ್ಲೇ ಪ್ರಾಯೋಗಿಕವಾಗಿ ಆರಂಭವಾದ 'ಭೂಮಿ' ಯೋಜನೆ ಕೆಲವೇ ವರ್ಷಗಳಲ್ಲಿ ರಾಜ್ಯದ ಎಲ್ಲ ತಾಲೂಕು ಕೇಂದ್ರಗಳನ್ನೂ ತಲುಪಿತು. ಸುಮಾರು ಎರಡು ಕೋಟಿ ಭೂದಾಖಲೆಗಳು ಗಣಕಯಂತ್ರವನ್ನು ಸೇರಿದವು. 15 ರೂಪಾಯಿ ಕೊಟ್ಟು ಕಿಟಕಿಯಲ್ಲಿ ಪಹಣಿ ಪಡೆಯುವ ದಿನ ಬಂದಿತು. ಅದು ಬಡವನಿಗಾದ ನಿಜವಾದ ಉಪಕಾರ. ಆದರೆ ಅಚ್ಚಾದ ಆ ಕಾಗದವನ್ನು ಕೈಯಲ್ಲಿ ಹಿಡಿದು, "ಇದ್ರಲ್ಲಿ ಏನ್ ಬರ್ದೈತೆ ವಸಿ ಓದಪ್ಪ" ಎಂದು ಪಕ್ಕದವನನ್ನು ಕೇಳುವ ರೈತ ಅಲ್ಲಿಯೂ ಉಳಿದುಕೊಂಡ. ಯಂತ್ರ ದಾಖಲೆಯನ್ನು ಶುದ್ಧಗೊಳಿಸಬಲ್ಲದು. ಓದುವ ಶಕ್ತಿಯನ್ನು ಇನ್ನೊಬ್ಬ ಮನುಷ್ಯನೇ ಪಕ್ಕದಲ್ಲಿ ಕುಳಿತು ಕೊಡಬೇಕು.

ಧರ್ಮಸಭೆಯ ಬೋಧನೆ

1931ರಲ್ಲಿ ವಿಶ್ವಗುರು ಹನ್ನೊಂದನೆಯ ಪಿಯುಸ್ ಅವರು 'ಕ್ವಾದ್ರಜೇಸಿಮೋ ಆನ್ನೋ' ಎಂಬ ವಿಶ್ವಪರಿಪತ್ರವನ್ನು ಹೊರಡಿಸಿದರು. ಅದರಲ್ಲಿ ಅವರು ಒಂದು ತತ್ವವನ್ನು ಸ್ಪಷ್ಟವಾಗಿ ಮುಂದಿಟ್ಟರು. ಒಬ್ಬ ವ್ಯಕ್ತಿ ಅಥವಾ ಸಣ್ಣ ಸಮುದಾಯ ಸ್ವಂತ ಶ್ರಮದಿಂದ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆಯು ತನ್ನ ಕೈಗೆತ್ತಿಕೊಳ್ಳುವುದು ಅನ್ಯಾಯ ಎಂಬುದು ಅದರ ತಿರುಳು. ಇದನ್ನು ಪೂರಕತ್ವದ ತತ್ವವೆಂದು ಕರೆಯುತ್ತೇವೆ. ರಾಜ್ಯ ಮತ್ತು ಪ್ರಜೆಯ ಸಂಬಂಧವನ್ನು ಕುರಿತು ಹೇಳಿದ ಈ ಮಾತನ್ನು ಗುರುಮಠದಲ್ಲಿ ನಾನು ಪರೀಕ್ಷೆಗಾಗಿ ಓದಿದ್ದೆ. ಅದು ನನ್ನ ಮತ್ತು ಆ ಅಜ್ಜಿಯ ನಡುವಿನ ಸಣ್ಣ ಫೋನಿಗೂ ಅನ್ವಯಿಸುತ್ತದೆಂದು ಆಗ ಹೊಳೆದಿರಲಿಲ್ಲ. ಪೂರಕವಾಗಿರುವುದೆಂದರೆ ಕೈಬಿಡುವುದಲ್ಲ, ಕೈಯನ್ನು ಕಿತ್ತುಕೊಳ್ಳುವುದೂ ಅಲ್ಲ. ಆಕೆಗೆ ಎಷ್ಟು ಸಾಧ್ಯವೋ ಅಷ್ಟನ್ನು ಆಕೆಯೇ ಮಾಡುವಂತೆ ಬೆಂಬಲವಾಗಿ ನಿಲ್ಲುವುದು.

ಸಂತ ಥಾಮಸ್ ಅಕ್ವಿನಾಸರು ಬೋಧನೆಯನ್ನು ಕುರಿತು ಚರ್ಚಿಸುವಾಗ ಗುರುವನ್ನು ವೈದ್ಯನಿಗೆ ಹೋಲಿಸುತ್ತಾರೆ. ವೈದ್ಯ ಮದ್ದು ಕೊಡಬಹುದು. ಗುಣವಾಗುವುದು ರೋಗಿಯ ದೇಹದೊಳಗಿನ ಶಕ್ತಿಯಿಂದ. ಹಾಗೆಯೇ ಕಲಿಯುವವನ ಒಳಗಿನ ಬುದ್ಧಿಯ ಬೆಳಕೇ ಕಲಿಕೆಗೆ ಮೂಲ. ಗುರು ಅದಕ್ಕೆ ನೆರವಾಗುವವನು. ಅರುವತ್ತು ದಾಟಿದವರ ತಲೆಗೆ ಇನ್ನೇನು ಹತ್ತುತ್ತದೆ ಎಂದು ಬಿಡುವಾಗ ನಾವು ಆ ಬೆಳಕು ಆರಿಹೋಗಿದೆಯೆಂದು ತೀರ್ಪು ಕೊಟ್ಟಂತಾಯಿತು. ಆ ತೀರ್ಪು ಕೊಡುವ ಅಧಿಕಾರ ನಮಗೆ ಯಾರು ಕೊಟ್ಟರು?

ಕೆಲವು ಆಕ್ಷೇಪಗಳು

"ಸ್ವಾಮಿ, ವಯಸ್ಸಾದವರಿಗೆ ಈ ಕಷ್ಟವೇಕೆ?" ಎಂದು ನೀವು ಕೇಳಬಹುದು. ನೆರೆಯ ಕೇರಳದಲ್ಲಿ ಮನೆ ಮನೆಗೆ ಹೋಗಿ, ಫೋನು ಬಳಸಲು ಬಾರದವರನ್ನು ಗುರುತಿಸಿ, ಸ್ವಯಂಸೇವಕರಿಂದ ಕಲಿಸಿ, 2025ರ ಆಗಸ್ಟ್‌ನಲ್ಲಿ ಇಡೀ ರಾಜ್ಯವನ್ನು ಡಿಜಿಟಲ್ ಸಾಕ್ಷರವೆಂದು ಘೋಷಿಸಿದರು. ಹಾಗೆ ಕಲಿತವರಲ್ಲಿ ನೂರು ವರ್ಷ ದಾಟಿದ ಹಿರಿಯರೊಬ್ಬರೂ ಇದ್ದರು. ನಮ್ಮ ರಾಜ್ಯದಲ್ಲಿಯೇ 2000ದ ದಶಕದ ಮೊದಲ ವರ್ಷಗಳಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಯವರು 'ನಮ್ಮ ಧ್ವನಿ' ಎಂಬ ಕೇಂದ್ರವನ್ನು ಕಟ್ಟಿದರು. ಸಮುದಾಯಗಳಿಗೆ ಬಾನುಲಿ ನಡೆಸುವ ಪರವಾನಗಿ ಇರದ ಕಾಲದಲ್ಲಿ ಅವರು ತಂತಿ ಎಳೆದು ಮನೆಗಳಿಗೆ ತಮ್ಮದೇ ಕಾರ್ಯಕ್ರಮಗಳನ್ನು ತಲುಪಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಧ್ವನಿಮುದ್ರಣದ ಯಂತ್ರವನ್ನು ತಾವೇ ಹಿಡಿದರು.

"ಈಗ ಫೋನಿಗೆ ಮಾತನಾಡಿದರೆ ಸಾಕಲ್ಲ, ಓದುವ ಅಗತ್ಯವೇನು?" ಎಂಬುದು ಇನ್ನೊಂದು ಮಾತು. ಅಕ್ಷರ ಬಾರದ ಅಜ್ಜಿ ಬೆಂಗಳೂರಿನಲ್ಲಿರುವ ಮಗಳಿಗೆ ವಾಟ್ಸಪ್ಪಿನಲ್ಲಿ ಧ್ವನಿ ಕಳುಹಿಸುವುದನ್ನು ಕಂಡು ನಾನೂ ಸಂತೋಷಪಟ್ಟಿದ್ದೇನೆ. ಆದರೆ ಕೇಳಿದ್ದನ್ನು ಪರೀಕ್ಷಿಸಿ ನೋಡಲು ಬಾರದವನು ಯಾರ ಧ್ವನಿಯನ್ನಾದರೂ ನಂಬಬೇಕಾಗುತ್ತದೆ. ಪೊಲೀಸರಂತೆ ನಟಿಸಿ, ಫೋನಿನಲ್ಲಿಯೇ ಬಂಧಿಸಿದ್ದೇವೆಂದು ಹೆದರಿಸಿ ಹಣ ದೋಚುವವರಿರುವ ಕಾಲವಿದು. ಅಂತಹ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲವೆಂಬುದನ್ನೂ, ಮೋಸಹೋದ ಕೂಡಲೇ 1930ಕ್ಕೆ ಕರೆಮಾಡಬೇಕೆಂಬುದನ್ನೂ ಕಲಿಸುವುದು ಕೂಡ ಇಂದಿನ ವಯಸ್ಕರ ಶಿಕ್ಷಣವೇ ಆಗಿದೆ.

ಎಷ್ಟು ಕಲಿಸಿದರೂ ಕಲಿಯಲಾರದವರು, ದೇಹ ಸಹಕರಿಸದವರು ಇದ್ದೇ ಇರುತ್ತಾರೆ ಎಂಬ ಮೂರನೆಯ ಆಕ್ಷೇಪ ನ್ಯಾಯವಾದುದು. ಆಸಿಡ್ ದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲಾರದ ಮಹಿಳೆಯನ್ನು, ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿದರೆ ಮಾತ್ರ ಖಾತೆ ಎಂದು ಹಿಂದಕ್ಕೆ ಕಳುಹಿಸಿದ ಪ್ರಸಂಗ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಏಪ್ರಿಲ್ 30ರಂದು ನ್ಯಾಯಾಲಯವು ಡಿಜಿಟಲ್ ಸೌಲಭ್ಯವನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿ ಕೊಡುವ ಬದುಕಿನ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಆದ್ದರಿಂದ ಕಲಿಸುವ ಉತ್ಸಾಹದಲ್ಲಿ, ಕಲಿಯಲಾರದವರ ಕಿಟಕಿಯನ್ನು ಮುಚ್ಚಬಾರದು. ಒತ್ತಿಕೊಡುವ ಕೈಯೂ ಕೆಲವರಿಗೆ ಬೇಕು. ಆದರೆ ಒತ್ತುವ ಮೊದಲು ಏನನ್ನು ಒತ್ತುತ್ತಿದ್ದೇನೆಂದು ಹೇಳಿ, ಅವರ ಒಪ್ಪಿಗೆ ಪಡೆದು ಒತ್ತುವುದು ಆ ಕೈಯ ಧರ್ಮ.

ಕಲಿತ ಮೇಲೆ ತಿಳಿದದ್ದು

ಇನ್ನು ನಮ್ಮ ಅಜ್ಜಿಯ ಕಡೆಗೆ ಬರೋಣ. ಪಿಯುಸಿ ಓದುತ್ತಿದ್ದ ಧರ್ಮಕೇಂದ್ರದ ಹುಡುಗಿಯೊಬ್ಬಳು ಒಂದು ಭಾನುವಾರ ನನ್ನ ಕೈಯಿಂದ ಆ ಫೋನನ್ನು ತೆಗೆದುಕೊಂಡು ಅಜ್ಜಿಯ ಕೈಗೇ ಇಟ್ಟಳು. "ಅಜ್ಜಿ, ಬಸ್ಸಿನ ನಂಬರ್ ಓದ್ತೀರಲ್ಲ, ಇದೂ ಅಷ್ಟೇ" ಎಂದಳು. ಅಂಕಿಗಳು ಅಜ್ಜಿಗೆ ಗೊತ್ತಿದ್ದವು. ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿರುವುದರಿಂದ, ಹಣ ಬಂದಾಗ ಕಾಣುವ ಪದದ ಮೊದಲ ಅಕ್ಷರ ಬಾಯ್ತೆರೆದ ಬಳೆಯಂತೆಯೂ, ಹೋದಾಗ ಕಾಣುವ ಪದದ ಮೊದಲ ಅಕ್ಷರ ಹೆದೆ ಕಟ್ಟಿದ ಬಿಲ್ಲಿನಂತೆಯೂ ಇರುತ್ತದೆಂದು ತೋರಿಸಿದಳು. ಎಂಟು ಹತ್ತು ಭಾನುವಾರ ಇಬ್ಬರೂ ಜಗಲಿಯ ಮೇಲೆ ಕುಳಿತರು. ಅಜ್ಜಿ ಮರೆತರು, ಬೇಸರಗೊಂಡರು, ಮತ್ತೆ ಕಲಿತರು.

ಆಮೇಲೊಂದು ದಿನ ಅವರು ನನ್ನ ಬಳಿ ಬಂದು ಮೌನವಾಗಿ ಕುಳಿತರು. "ಬಿಲ್ಲು ಬಾಳ ಅವೆ ಸ್ವಾಮಿ" ಎಂದರು. ಅವರ ಖಾತೆಯಿಂದ ತಿಂಗಳು ತಿಂಗಳೂ ಹಣ ಹೋಗುತ್ತಿತ್ತು. ತೆಗೆಯುತ್ತಿದ್ದವನು ಮನೆಯ ಮೊಮ್ಮಗ. ನಾನು ಅಷ್ಟು ಕಾಲ ಅದೇ ಫೋನನ್ನು ತೆರೆದು ನೋಡಿದ್ದೆ. ಬಂದದ್ದನ್ನು ಮಾತ್ರ ಓದಿ ಹೇಳಿದ್ದೆ. ಹೋದದ್ದನ್ನು ನೋಡಿಯೇ ಇರಲಿಲ್ಲ. ಆಕೆ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿದ್ದೆನೇ ಹೊರತು, ಆಕೆ ಕೇಳಲು ತಿಳಿಯದ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

"ತಿಳೀದೆ ಇದ್ದಿದ್ರೇ ಚೆನ್ನಾಗಿತ್ತಾ ಅಜ್ಜಿ?" ಎಂದು ನಾನು ತಪ್ಪಿತಸ್ಥನಂತೆ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಕೇಳಿದ್ರೆ ನಾನೇ ಕೊಡ್ತಿರ್ನಿಲ್ವಾ ಸ್ವಾಮಿ?" ಎಂದರು.

ಓದುಗರೇ, ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆಕೆಯಿಂದ ಹಣ ಮಾತ್ರ ಹೋಗಿರಲಿಲ್ಲ. ಮೊಮ್ಮಗನಿಗೆ ಪ್ರೀತಿಯಿಂದ ಕೊಡುವ ಅವಕಾಶವೂ ಹೋಗಿತ್ತು. ಜೆರುಸಲೇಮಿನ ದೇವಾಲಯದ ಕಾಣಿಕೆಪೆಟ್ಟಿಗೆಗೆ ಎರಡು ಕಿರುನಾಣ್ಯ ಹಾಕಿದ ಬಡ ವಿಧವೆಯನ್ನು ಯೇಸುಸ್ವಾಮಿ ಮೆಚ್ಚಿದರಲ್ಲವೇ? ಆ ನಾಣ್ಯಗಳು ಆಕೆಯ ಅಂಗೈಯಲ್ಲಿದ್ದವು. ತನ್ನಲ್ಲಿ ಇರುವುದು ಅಷ್ಟೇ ಎಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದಳು. ತನ್ನದು ಎಷ್ಟೆಂದು ತಿಳಿಯದವನಿಂದ ಕಿತ್ತುಕೊಳ್ಳಬಹುದು, ಅವನು ಕೊಡಲಾರ. ನಾವು ಬಡವರಿಗೆ ಕೊಡುವುದನ್ನು ಕುರಿತು ಬಹಳ ಬೋಧಿಸುತ್ತೇವೆ. ಬಡವರೂ ಕೊಡುವಂತಾಗಬೇಕೆಂಬುದನ್ನು ಮರೆಯುತ್ತೇವೆ.

ರಥವೇರಿದ ಫಿಲಿಪ್ಪ

'ಪ್ರೇಷಿತರ ಕಾರ್ಯಕಲಾಪಗಳು' ಗ್ರಂಥದ ಎಂಟನೆಯ ಅಧ್ಯಾಯವನ್ನು ಮನೆಯಲ್ಲಿ ಎಲ್ಲರೂ ಕುಳಿತು ಓದಿರೆಂದು ಕೋರುತ್ತೇನೆ. ಇಥಿಯೋಪಿಯದ ರಾಣಿಯ ಖಜಾನೆಯ ಅಧಿಕಾರಿಯೊಬ್ಬ ಜೆರುಸಲೇಮಿನಿಂದ ಹಿಂದಿರುಗುತ್ತಾ ರಥದಲ್ಲಿ ಯೆಶಾಯನ ಗ್ರಂಥವನ್ನು ಓದುತ್ತಿದ್ದಾನೆ. ಅವನು ಪರದೇಶಿ; ನಪುಂಸಕನಾದ್ದರಿಂದ ಹಳೆಯ ಧರ್ಮಶಾಸ್ತ್ರದ ಪ್ರಕಾರ ಸಭೆಯಿಂದ ಹೊರಗುಳಿದವನು. ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಫಿಲಿಪ್ಪ ಕೇಳಿದಾಗ, ತಿಳಿಸುವವರಿಲ್ಲದೆ ಹೇಗೆ ಅರ್ಥವಾದೀತು ಎಂದು ಅವನು ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾನೆ.

ಫಿಲಿಪ್ಪ ಆ ಸುರುಳಿಯನ್ನು ಕಿತ್ತುಕೊಂಡು ತಾನೇ ಓದಲಿಲ್ಲ, ರಥವನ್ನು ತನ್ನ ಊರಿಗೆ ತಿರುಗಿಸಲೂ ಇಲ್ಲ. ಮೇಲೆ ಹತ್ತಿ ಪಕ್ಕದಲ್ಲಿ ಕುಳಿತು, ಅವನು ಓದುತ್ತಿದ್ದ ಸಾಲಿನಿಂದಲೇ ಆರಂಭಿಸಿದ. ದೀಕ್ಷಾಸ್ನಾನವಾದ ಮೇಲೆ ಪವಿತ್ರಾತ್ಮ ಫಿಲಿಪ್ಪನನ್ನು ಅಲ್ಲಿಂದ ಕೊಂಡೊಯ್ದರು. ಆ ಅಧಿಕಾರಿ ಸಂತೋಷದಿಂದ ತನ್ನ ದಾರಿಯಲ್ಲಿ ಮುಂದೆ ಸಾಗಿದ. ಕಲಿಸಿದವನು ಮರೆಯಾದರೂ ಕಲಿತವನ ಸಂತೋಷ ಕುಂದಲಿಲ್ಲ. "ನೀವಿಲ್ಲದಿದ್ದರೆ ನಾನೇನು ಮಾಡಲಿ" ಎಂಬ ಮಾತು ಅಲ್ಲಿ ಕೇಳಿಬರುವುದಿಲ್ಲ. ಗುರುಗಳಾದ ನಮಗೂ ತಂದೆತಾಯಿಗಳಾದ ನಿಮಗೂ ಇದು ಕಠಿಣವಾದ ಪಾಠ.

ತೋಳಿನಿಂದ ತೋಳಿಗೆ

ಕೊನೆಯದಾಗಿ ನಮ್ಮ ಮಣ್ಣಿನದೇ ಒಂದು ನೆನಪು. 1799ರ ಯುದ್ಧದ ನಂತರ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ಒಗ್ಗೂಡಿಸಿದ ಅಬ್ಬೆ ದುಬ್ವಾ ಅವರ ಹೆಸರು ಅಲ್ಲಿನ ಹಳೆಯ ದೇವಾಲಯದೊಂದಿಗೆ ಇಂದಿಗೂ ಬೆರೆತಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸಿಡುಬಿನ ಲಸಿಕೆ ಈ ನಾಡಿಗೆ ಬಂದಾಗ ಜನರ ಭಯವನ್ನು ಹೋಗಲಾಡಿಸಿ ಸಾವಿರಾರು ಮಂದಿಗೆ ಲಸಿಕೆ ಹಾಕಿಸಲು ಅವರು ಶ್ರಮಿಸಿದರು. ಆ ಕಾಲದಲ್ಲಿ ಲಸಿಕೆಯನ್ನು ಸೀಸೆಯಲ್ಲಿ ತಂಪಾಗಿಟ್ಟು ಸಾಗಿಸುವ ಅನುಕೂಲವಿರಲಿಲ್ಲ. ಒಬ್ಬನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಸುಮಾರು ಒಂದು ವಾರದ ನಂತರ ಇನ್ನೊಬ್ಬನ ತೋಳಿಗೆ ಹಚ್ಚಬೇಕಾಗಿತ್ತು. ಪಡೆದವನೇ ಕೊಡುವವನಾಗಬೇಕಿತ್ತು. ಯಾರಾದರೂ ಪಡೆದು ಸುಮ್ಮನಾದರೆ ಸರಪಣಿ ಅಲ್ಲಿಗೇ ಕಡಿದುಹೋಗುತ್ತಿತ್ತು.

ತಿಳಿವಳಿಕೆ ಸಾಗುವ ಬಗೆಯೂ ಇದೇ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನವಭಾರತ ಸಾಕ್ಷರತಾ ಕಾರ್ಯಕ್ರಮವು ಅಕ್ಷರದ ಜೊತೆಗೆ ಹಣಕಾಸಿನ ಮತ್ತು ಡಿಜಿಟಲ್ ತಿಳಿವಳಿಕೆಯನ್ನೂ ಸೇರಿಸಿಕೊಂಡಿದೆ, ಸ್ವಯಂಸೇವಕರನ್ನೇ ನೆಚ್ಚಿಕೊಂಡಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಬದಲಾಗುತ್ತಿವೆ. ನಮ್ಮ ಸ್ತ್ರೀಸಂಘಗಳಿವೆ, ಯುವಜನರಿದ್ದಾರೆ, ಬಲಿಪೂಜೆಯ ನಂತರದ ಅರ್ಧ ಗಂಟೆಯಿದೆ, ದೇವಾಲಯದ ಜಗಲಿಯಿದೆ. ಅಲ್ಲಿ ಕುಳಿತುಕೊಳ್ಳುವವರು ಕ್ರೈಸ್ತರೇ ಆಗಬೇಕೆಂದಿಲ್ಲ. ಬೀದಿಯ ಯಾವ ತಾಯಿಗೂ ಅಲ್ಲಿ ಜಾಗವಿರಲಿ.

ಈ ವಾರ ನಿಮ್ಮ ಮನೆಯ ಹಿರಿಯರು ಫೋನನ್ನು ನಿಮ್ಮ ಮುಂದೆ ಚಾಚಿದಾಗ ಅದನ್ನು ಕೈಗೆ ತೆಗೆದುಕೊಳ್ಳಬೇಡಿ. ಅವರ ಕೈಯಲ್ಲೇ ಇರಲಿ. ಪಕ್ಕದಲ್ಲಿ ಕುಳಿತುಕೊಳ್ಳಿ. ಹೊತ್ತಾಗುತ್ತದೆ, ಒಂದೇ ಮಾತನ್ನು ಹತ್ತು ಸಲ ಹೇಳಬೇಕಾಗುತ್ತದೆ. ನಿಮಗೆ ಮೊದಲ ಹೆಜ್ಜೆ ಇಡಲು, ಮೊದಲ ತುತ್ತು ತಿನ್ನಲು, ಶಿಲುಬೆಯ ಗುರುತು ಹಾಕಲು ಕಲಿಸಿದ ಕೈ ಅದು. ಅಂದು ಆ ಕೈ ಎಷ್ಟು ಸಲ ಬೇಸರಗೊಳ್ಳದೆ ಕಲಿಸಿತ್ತೆಂಬುದನ್ನು ನೆನೆಯಿರಿ.

ಆ ಅಜ್ಜಿ ತಮ್ಮ ಗುಪ್ತಸಂಖ್ಯೆಯನ್ನು ಬದಲಾಯಿಸಿಕೊಂಡರು. ಮೊಮ್ಮಗನಿಗೆ ಈಗಲೂ ಹಣ ಕೊಡುತ್ತಾರಂತೆ, ತಾವೇ ಎಣಿಸಿ. ನಾನು ಆ ಧರ್ಮಕೇಂದ್ರದಿಂದ ವರ್ಗವಾಗಿ ಬರುವ ದಿನ ಅವರು ನನ್ನನ್ನು ಬೀಳ್ಕೊಡಲು ಬಂದಿದ್ದರು. ಫೋನು ಚೀಲದಲ್ಲೇ ಇತ್ತು. ನನ್ನ ಕಡೆಗೆ ಚಾಚಲಿಲ್ಲ.